ಬೆಳಕು ಹಾಯೋ ದೆವ್ವಗಳನ್ನ ಮಾಡಿದ ಚಳಿಗಾಲ

ಇದು ಶುರುವಾಗಿದ್ದು ಹೋದ ಅಕ್ಟೋಬರ್‌ನಲ್ಲಿ, ಒಂದು ಕಾರ್ ಬೂಟ್ ಸೇಲ್‌ನಲ್ಲಿ. ಇಲ್ಲಿ ಇಂಗ್ಲೆಂಡಲ್ಲಿ ಜನ ಮನೇಲಿ ಬೇಡವಾದ ಸಾಮಾನೆಲ್ಲ ಕಾರ್ ಡಿಕ್ಕೀಲಿ ತುಂಬ್ಕೊಂಡು ಬಂದು ಭಾನುವಾರ ಬೆಳಿಗ್ಗೆ ಮೈದಾನದಲ್ಲಿ ಹರಡಿ ಮಾರ್ತಾರೆ, ಒಂಥರಾ ನಮ್ಮ ಸಂತೆ ಇದ್ದ ಹಾಗೆ. ನಾವಿರೋದು ನಾಟಿಂಗ್‌ಹ್ಯಾಮ್‌ನಲ್ಲಿ, ಈ ಊರಲ್ಲಿ ಅಂಥ ಸಂತೆಗೆ ಹೋದ್ರೆ ಹಳೇ ಮಿನಿಯೇಚರ್, ಅಂದ್ರೆ ಮೇಜಿನ ಆಟದ ಪುಟ್ಟ ಗೊಂಬೆಗಳು, ಸಿಗೋ ಚಾನ್ಸ್ ಜಾಸ್ತಿ, ಯಾಕಂದ್ರೆ ಇಂಥ ಗೊಂಬೆ ಮಾಡೋ ಗೇಮ್ಸ್ ವರ್ಕ್‌ಶಾಪ್ ಕಂಪನಿಯ ಹೆಡ್ ಆಫೀಸು, ವಾರ್‌ಹ್ಯಾಮರ್ ವರ್ಲ್ಡ್ ಅನ್ನೋ ಅವರ ಆಟದ ಕೇಂದ್ರ ಎಲ್ಲಾ ಇರೋದು ಇಲ್ಲೇ ಲೆಂಟನ್‌ನಲ್ಲಿ, ಅವರ ಸುತ್ತಮುತ್ತ ಇದೇ ಕೆಲಸ ಮಾಡೋ ಇನ್ನೂ ಎಷ್ಟೋ ಸಣ್ಣ ದೊಡ್ಡ ಕಂಪನಿಗಳು ಬೆಳ್ಕೊಂಡಿವೆ. ಅವತ್ತು ನಂಗೆ ಸಿಕ್ಕಿದ್ದು 1989ರ ಹೀರೋಕ್ವೆಸ್ಟ್ ಅನ್ನೋ ಬೋರ್ಡ್ ಆಟದ ಡಬ್ಬ, ಮೂಲೆ ಎಲ್ಲಾ ಹರಿದಿತ್ತು, ಆದ್ರೆ ಒಳಗಡೆ ಗೊಂಬೆಗಳು ಒಂದೂ ತಪ್ಪದೆ ಇದ್ವು.

ಮನೆಗೆ ಬಂದು ಡೈನಿಂಗ್ ಟೇಬಲ್ ಮೇಲೆ ಸಾಲಾಗಿ ನಿಲ್ಲಿಸ್ದೆ. ನಾಲ್ಕು ಹೀರೋಗಳು ಕೆಂಪು ಪ್ಲಾಸ್ಟಿಕ್ಕು, ಓರ್ಕ್ ಗಾಬ್ಲಿನ್‌ಗಳು ಹಸಿರು, ಅಸ್ಥಿಪಂಜರ, ಜೋಂಬಿ, ಮಮ್ಮಿ ಇವೆಲ್ಲ ಬಿಳಿ, ಕೇಯಾಸ್ ವಾರಿಯರ್‌ಗಳು ಬೂದು. ನಾನು ಅಭ್ಯಾಸದಂತೆ ಗ್ರೇ ಪ್ರೈಮರ್, ಅಂದ್ರೆ ಬಣ್ಣಕ್ಕೆ ಮುಂಚೆ ಹೊಡೆಯೋ ಮೊದಲ ಕೋಟಿನ ಕ್ಯಾನ್ ಕೈಗೆ ತಗೊಂಡು ಅಲ್ಲಾಡಿಸ್ತಾ ಇದ್ದೆ. ಹನ್ನೊಂದು ವರ್ಷದ ಮಗಳು ಬಂದು ನಿಂತ್ಕೊಂಡು, "ಅಪ್ಪಾ, ಇವಕ್ಕೆ ಬಣ್ಣ ಆಗ್ಲೇ ಇದೆಯಲ್ಲ, ಯಾಕೆ ಮುಚ್ತೀಯಾ?" ಅಂದ್ಲು.

ನಾನು ಎಂಟು ವರ್ಷದಿಂದ ಮಿನಿ ಪೇಂಟ್ ಮಾಡ್ತಾ ಇದೀನಿ, ಈ ಪ್ರಶ್ನೆ ಒಂದ್ಸಲನೂ ತಲೆಗೆ ಬಂದಿರ್ಲಿಲ್ಲ. ಕ್ಯಾನ್ ಕೆಳಗಿಟ್ಟೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳ್ತೀನಿ. ಟೇಬಲ್‌ಟಾಪ್ ವಾರ್‌ಗೇಮ್ ಅಂದ್ರೆ ಮೇಜಿನ ಮೇಲೆ ಗುಡ್ಡ, ಪಾಳುಗೋಡೆ ಎಲ್ಲಾ ಜೋಡ್ಸಿ, ಹೆಬ್ಬೆರಳಷ್ಟು ಎತ್ತರದ ಸೈನಿಕರನ್ನ ಟೇಪ್ ಹಿಡ್ದು ಅಳ್ದು ಮುಂದೆ ನಡೆಸ್ತಾ, ದಾಳ ಹಾಕಿ ಯುದ್ಧ ಆಡೋದು. ಚೌಕಾಬಾರ, ಪಗಡೆ ಆಡಿ ಬೆಳೆದವರಿಗೆ ದಾಳದ ಈ ಸುಖ ಬಿಡ್ಸಿ ಹೇಳ್ಬೇಕಾಗಿಲ್ಲ. ಈ ಸೈನಿಕರು ಸಾಮಾನ್ಯವಾಗಿ ಬೂದು ಪ್ಲಾಸ್ಟಿಕ್‌ನಲ್ಲಿ ಬರ್ತಾರೆ, ಸ್ಪ್ರೂ ಅನ್ನೋ ಚೌಕಟ್ಟಿಂದ ಕೈಕಾಲು ಕತ್ತರಿಸಿ ಅಂಟಿಸಿ ಪ್ರೈಮರ್ ಹೊಡ್ದು ಬಣ್ಣ ಹಾಕ್ಬೇಕು. ಬಣ್ಣದ ಪ್ಲಾಸ್ಟಿಕ್ಕಲ್ಲಿ ಬರೋವು ಬೇರೆ ಜಾತಿ. 1990ರ ಸ್ಪೇಸ್ ಕ್ರುಸೇಡ್ ಅನ್ನೋ ಆಟದಲ್ಲಿ ಕೆಂಪು, ನೀಲಿ, ಹಳದಿ ಅಂತ ಮೂರು ಪಡೆ ಮೂರು ಬಣ್ಣ. 2017ರಲ್ಲಿ ಬಂದ ಡಾರ್ಕ್ ಇಂಪೀರಿಯಂ ಅನ್ನೋ ಆಟದ ಡಬ್ಬದಲ್ಲೂ ಒಂದು ಕಡೆಯವರು ನೀಲಿ, ಇನ್ನೊಂದು ಕಡೆಯವರು ಹಸಿರು. ಡಬ್ಬ ಬಿಚ್ಚಿದ ದಿನವೇ ಬಣ್ಣ ಹಾಕದೆ ಆಡಬಹುದು, ಯಾರ ಕಡೆ ಯಾವುದು ಅಂತ ದೂರದಿಂದ್ಲೇ ಗೊತ್ತಾಗತ್ತೆ. ಅದ್ರಲ್ಲೇ ಇನ್ನೊಂದು ಜಾತಿ, ನನ್ನ ಮನಸ್ಸು ಹೋಗಿದ್ದು ಅದರ ಮೇಲೇ, ಅರೆಪಾರದರ್ಶಕ ಪ್ಲಾಸ್ಟಿಕ್ಕು. ಬೆಂಕಿ, ನೀರು, ದೆವ್ವ, ಮಾಯವಾಗ್ತಿರೋ ಮಂತ್ರವಾದಿ ಇಂಥವನ್ನ ಬೆಳಕು ಹಾಯೋ ಪ್ಲಾಸ್ಟಿಕ್ಕಲ್ಲಿ ಮಾಡ್ತಾರೆ. ಅಮೆರಿಕದ ರೀಪರ್ ಅನ್ನೋ ಕಂಪನಿ 2012ರಲ್ಲಿ ಬೋನ್ಸ್ ಅನ್ನೋ ಸಾಲಿಗೆ ಕಿಕ್‌ಸ್ಟಾರ್ಟರ್ ಅನ್ನೋ ವೆಬ್‌ಸೈಟಲ್ಲಿ ಜನರಿಂದ ಮುಂಚೆನೇ ದುಡ್ಡು ಕೇಳಿ 34 ಲಕ್ಷ ಡಾಲರ್ ಮೇಲೆ ಒಟ್ಟು ಮಾಡ್ತು, ಆ ಸಾಲಿನಲ್ಲೂ ಇಂಥ ಗೊಂಬೆಗಳಿವೆ.

ನಂಗೆ ಜನವರಿ ಕೊನೆಗೆ ಕ್ಲಬ್ಬಲ್ಲಿ ಒಂದು ಆಟ ಇತ್ತು, ಇಪ್ಪತ್ತು ದೆವ್ವಗಳ ಪಡೆ ಬೇಕಿತ್ತು. ಇವನ್ನ ಪ್ಲಾಸ್ಟಿಕ್ಕಿನ ಸ್ವಂತ ಬಣ್ಣ ಉಳಿಸ್ಕೊಂಡೇ ಮಾಡ್ಬೇಕು ಅಂತ ಅವತ್ತೇ ನಿರ್ಧಾರ ಮಾಡ್ದೆ.

ಮೊದ್ಲು ಐದು ನೀಲಿ ದೆವ್ವ ರೆಡಿಮೇಡ್ ತರಿಸ್ದೆ, ಮೆತ್ತಗಿನ ಪ್ಲಾಸ್ಟಿಕ್ಕು, ಕತ್ತಿ ಎಲ್ಲಾ ಬಾಗಿಹೋಗಿತ್ತು. ಬಾಗಿದ್ದನ್ನ ನೆಟ್ಟಗೆ ಮಾಡೋದು ಸುಲಭ, ಕುದಿಯೋ ನೀರಲ್ಲಿ ಒಂದರ್ಧ ನಿಮಿಷ ಅದ್ದಿ ಬೆರಳಲ್ಲಿ ನೆಟ್ಟಗೆ ಹಿಡ್ಕೊಂಡು ತಕ್ಷಣ ಐಸ್ ನೀರಿಗೆ ಹಾಕಿದ್ರೆ ಹಾಗೇ ನಿಂತ್ಕೊಳತ್ತೆ. ಅದಾದ್ಮೇಲೆ ಬಣ್ಣ ಏನೂ ಹಾಕದೆ ಬೇಸ್‌ಗೆ, ಅಂದ್ರೆ ಗೊಂಬೆ ನಿಲ್ಲೋ ಪುಟ್ಟ ಪೀಠಕ್ಕೆ, ಅಂಟಿಸಿ ಮೇಜಿನ ಮೇಲಿಟ್ಟು ಮೂರಡಿ ದೂರ ಹೋಗಿ ನೋಡ್ದೆ. ಏನೂ ಕಾಣ್ತಿಲ್ಲ. ಮುಖ ಎಲ್ಲಿ, ಕೈ ಎಲ್ಲಿ, ಬಟ್ಟೆ ಮಡಿಕೆ ಎಲ್ಲಿ, ಎಲ್ಲಾ ಕಲಸಿಹೋಗಿ ಒಂದು ನೀಲಿ ಮುದ್ದೆ. ಮಗಳು ನೋಡಿ, "ದೆವ್ವ ಅಲ್ಲಪ್ಪ, ಇದು ಸವೆದುಹೋಗಿರೋ ಸೋಪು" ಅಂದ್ಲು. ಅವಳು ಹೇಳಿದ್ದು ಸರಿ ಇತ್ತು.

ಯಾಕೆ ಹೀಗಾಗತ್ತೆ ಅಂತ ಒಂದು ವಾರ ಯೋಚ್ನೆ ಮಾಡ್ದೆ. ಸಾಮಾನ್ಯ ಗೊಂಬೇಲಿ ಕಣ್ಣಿಗೆ ಆಕಾರ ಹೇಳೋದು ನೆರಳು. ಮೂಗಿನ ಕೆಳಗೆ ಕಪ್ಪು ಬಿದ್ರೆ ಅದು ಮೂಗು ಅಂತ ಗೊತ್ತಾಗತ್ತೆ. ಬೆಳಕು ಹಾಯೋ ವಸ್ತುವಿನಲ್ಲಿ ನೆರಳೇ ನಿಲ್ಲಲ್ಲ, ಬೆಳಕು ಒಳಗೆ ಹೋಗಿ ಚೆದುರಿ ಎಲ್ಲಾ ಕಡೆಯಿಂದ ಆಚೆ ಬರತ್ತೆ, ಹಳ್ಳದಿಂದಲೂ ಉಬ್ಬಿನಿಂದಲೂ ಒಂದೇ ಸಮ. ಹಾಗಾಗಿ ಬಣ್ಣ ಪೂರ್ತಿ ಹಾಕಿದ್ರೆ ಪ್ಲಾಸ್ಟಿಕ್ ಸತ್ತುಹೋಗತ್ತೆ, ಏನೂ ಹಾಕದಿದ್ರೆ ಶಿಲ್ಪ ಸತ್ತುಹೋಗತ್ತೆ. ಎರಡರ ಮಧ್ಯೆ ಎಲ್ಲೋ ನಿಲ್ಲಬೇಕು. ಎಲ್ಲಿ ಅನ್ನೋದನ್ನ ಕಂಡ್ಕೊಳ್ಳೋದ್ರಲ್ಲೇ ಆ ಚಳಿಗಾಲ ಪೂರ್ತಿ ಹೋಯ್ತು.

ಬಣ್ಣದ ಗಾಢತೆ ನನ್ನ ಕೈಯಲ್ಲೇ ಇರ್ಬೇಕು ಅನ್ನಿಸಿ ಉಳಿದಿದ್ದನ್ನ ನಾನೇ ಪ್ರಿಂಟ್ ಮಾಡೋಕೆ ಕೂತೆ. ಗ್ಯಾರೇಜಲ್ಲಿ ಒಂದು ರೆಸಿನ್ ಪ್ರಿಂಟರ್ ಇದೆ, ಅಂದ್ರೆ ಬೆಳಕಿಗೆ ಗಟ್ಟಿಯಾಗೋ ದ್ರವ ಪ್ಲಾಸ್ಟಿಕ್ಕಿಂದ ಗೊಂಬೆ ಮಾಡೋ 3ಡಿ ಪ್ರಿಂಟರ್. ತೊಟ್ಟಿಯಲ್ಲಿ ದ್ರವ ರೆಸಿನ್ ಇರತ್ತೆ, ಕೆಳಗಡೆ ಸ್ಕ್ರೀನಿಂದ ಯುವಿ (ಅತಿನೇರಳೆ) ಬೆಳಕು ಬಿದ್ದ ಕಡೆ ಮಾತ್ರ ಗಟ್ಟಿಯಾಗತ್ತೆ, ಒಂದೊಂದು ಪದರ 0.05 ಮಿಲಿಮೀಟರ್, ಹೀಗೆ ಪದರದ ಮೇಲೆ ಪದರ ಕೂತು ಗೊಂಬೆ ತಲೆಕೆಳಗಾಗಿ ಮೇಲೇಳತ್ತೆ. ಶಿಲ್ಪದ ಫೈಲ್ ದುಡ್ಡು ಕೊಟ್ಟು ತಗೊಂಡಿದ್ದೆ, ಆ ಕಲಾವಿದರ ಕೆಲಸ ಅದು, ನಂದು ಬರೀ ಬಣ್ಣ ಮತ್ತೆ ಬೆಳಕು.

ಪಾರದರ್ಶಕ ರೆಸಿನ್ ಲೀಟರ್ ಬಾಟಲಿ ತಂದು ಸುರಿದು ಗ್ರೇ ರೆಸಿನ್‌ನ ಸೆಟ್ಟಿಂಗಲ್ಲೇ ಮೊದಲ ಪ್ರಿಂಟ್ ತೆಗೆದೆ. ಕಣ್ಣುಗುಳಿ ಮುಚ್ಚಿಹೋಗಿತ್ತು, ಬೆರಳುಗಳ ಮಧ್ಯೆ ಪೊರೆ ಬೆಳೆದಿತ್ತು. ಗ್ರೇ ರೆಸಿನ್‌ನಲ್ಲಿ ಬಣ್ಣದ ಪುಡಿ ಇರೋದ್ರಿಂದ ಬೆಳಕು ಎಲ್ಲಿ ಬಿತ್ತೋ ಅಲ್ಲೇ ನಿಲ್ಲತ್ತೆ, ಪಾರದರ್ಶಕದಲ್ಲಿ ತಡೆಯೋರಿಲ್ಲ, ಬೆಳಕು ಪಕ್ಕಕ್ಕೂ ಆಳಕ್ಕೂ ಸೋರಿ ಬೇಡದ ಕಡೆನೂ ಗಟ್ಟಿ ಮಾಡ್ಬಿಡತ್ತೆ. ನನ್ನ ಮಷಿನ್ನಲ್ಲಿ ಪದರಕ್ಕೆ 2.5 ಸೆಕೆಂಡ್ ಇದ್ದಿದ್ದನ್ನ 0.1, 0.1 ಕಮ್ಮಿ ಮಾಡ್ತಾ ಬಂದು 1.9ಕ್ಕೆ ನಿಲ್ಲಿಸ್ದೆ, ಆಗ ಬೆರಳು ಬಿಡಿಬಿಡಿಯಾಗಿ ಬಂತು. ಇದು ನನ್ನ ಮಷಿನ್, ನನ್ನ ರೆಸಿನ್ ಲೆಕ್ಕ, ನಿಮ್ಮದು ಬೇರೆ ಬರಬಹುದು, ಟೆಸ್ಟ್ ಪೀಸ್ ತೆಗೆದೇ ಮುಂದೆ ಹೋಗಿ.

ಇನ್ನೊಂದು ಕಾಟ ಚಳಿ. ನವೆಂಬರ್‌ನಲ್ಲಿ ಇಲ್ಲಿನ ಗ್ಯಾರೇಜು ಫ್ರಿಜ್ ಇದ್ದ ಹಾಗೆ, ರೆಸಿನ್ ಚಳಿಗೆ ಜೇನುತುಪ್ಪದ ಹಾಗೆ ಮಂದ ಆಗ್ಬಿಡತ್ತೆ, ಪದರ ಪದರ ಹಿಡ್ಕೊಳ್ಳದೆ ಅರ್ಧಕ್ಕೇ ಕಿತ್ತು ಬರತ್ತೆ. ಒಂದು ರಾತ್ರಿ ಪೂರ್ತಿ ಓಡಿದ ಪ್ರಿಂಟು ಬೆಳಿಗ್ಗೆ ನೋಡಿದ್ರೆ ತೊಟ್ಟಿಯ ತಳದಲ್ಲಿ ಚಪ್ಪಟೆ ಆಗಿ ಬಿದ್ದಿತ್ತು, ಆರು ದೆವ್ವ ಹೋಯ್ತು. ಆಮೇಲೆ ಬಾಟಲಿನ ಬಿಸಿನೀರಿನ ಬಕೆಟ್ಟಲ್ಲಿ ಇಟ್ಟು ಬೆಚ್ಚಗೆ ಮಾಡಿ, ಪ್ರಿಂಟರ್ ಸುತ್ತ ಸಣ್ಣ ಹೀಟರ್ ಬೆಲ್ಟ್ ಕಟ್ಟಿ 25 ಡಿಗ್ರಿ ಹತ್ರ ಇಟ್ಕೊಂಡ್ಮೇಲೆ ಆ ತೊಂದರೆ ಬರ್ಲಿಲ್ಲ.

ವಾಸನೆ ವಿಷಯ. ನನ್ನ ಹೆಂಡ್ತಿ ಒಂದು ಸಂಜೆ ಬಾಗಿಲಲ್ಲೇ ನಿಂತು, "ರೀ, ಅಡುಗೆಮನೆ ತನಕ ಬರ್ತಿದೆ ಇದು, ಫ್ಯಾನ್ ಹಾಕೋ ತನಕ ಮಷಿನ್ ಮುಟ್ಬೇಡಿ" ಅಂತ ಖಡಾಖಂಡಿತವಾಗಿ ಹೇಳಿದ್ಲು. ಅವಳು ಹೇಳಿದ್ದು ನೂರಕ್ಕೆ ನೂರು ನಿಜ. ಗಟ್ಟಿಯಾಗದ ರೆಸಿನ್ ಚರ್ಮಕ್ಕೆ ತಾಕಿದ್ರೆ ಅಲರ್ಜಿ ಆಗತ್ತೆ, ಒಂದ್ಸಲ ಅಲರ್ಜಿ ಹತ್ಕೊಂಡ್ರೆ ಮತ್ತೆ ಹೋಗೋದು ಕಷ್ಟ. ಹೊರಗೆ ಗಾಳಿ ತಳ್ಳೋ ಫ್ಯಾನ್ ಹಾಕಿಸ್ದೆ, ನೈಟ್ರೈಲ್ ಗ್ಲೌಸ್, ಮಾಸ್ಕ್ ಇಲ್ಲದೆ ಕೆಲಸ ಇಲ್ಲ, ಮಗಳಿಗೆ ಗ್ಯಾರೇಜ್ ಒಳಗೆ ಪ್ರವೇಶ ಇಲ್ಲ, ಒರೆಸಿದ ಟಿಶ್ಯೂ ಕೂಡ ಬಿಸಿಲಿಗೋ ಯುವಿ ದೀಪಕ್ಕೋ ಇಟ್ಟು ಗಟ್ಟಿ ಮಾಡಿದ್ಮೇಲೇ ಕಸದ ಬುಟ್ಟಿಗೆ. ಇದ್ರಲ್ಲಿ ಯಾರೂ ರಾಜಿ ಮಾಡ್ಕೋಬೇಡಿ.

ಈಗ ಬಣ್ಣ. ಪಾರದರ್ಶಕ ರೆಸಿನ್‌ಗೆ ಆಲ್ಕೋಹಾಲ್ ಇಂಕ್ ಹನಿ ಹನಿ ಬೆರೆಸ್ಬೇಕು. ಸಾಮಾನ್ಯ ಪೇಂಟ್ ಹಾಕಿದ್ರೆ ಅದರ ಪುಡಿ ಬೆಳಕನ್ನ ತಡೆದು ಎಲ್ಲಾ ಮಬ್ಬಾಗತ್ತೆ, ಇಂಕ್ ಹಾಗಲ್ಲ, ಅದು ಕರಗಿಹೋಗತ್ತೆ, ಬೆಳಕು ಹಾಯ್ತಾನೇ ಇರತ್ತೆ. ನಂಗೆ ಬೇಕಾಗಿದ್ದು ಹಸಿರು ಮಿಶ್ರಿತ ನೀಲಿ, ನವಿಲಿನ ಕತ್ತಿನ ಬಣ್ಣ, ಆದ್ರೆ ತುಂಬ ತೆಳು. 100 ಎಂಎಲ್‌ಗೆ ಒಂದು ಹನಿ, ನಾಲ್ಕು ಹನಿ, ಹತ್ತು ಹನಿ ಅಂತ ಮೂರು ಟೆಸ್ಟ್ ಮಾಡ್ದೆ. ಒಂದು ಹನಿಯದು ಬರೀ ಗಾಜು. ಹತ್ತು ಹನಿಯದು ಶಾಂಪೂ. ನಾಲ್ಕು ಹನಿಯದನ್ನ ಕಿಟಕಿ ಹತ್ರ ಹಿಡಿದಾಗ ನಾನು ಲೆಕ್ಕ ಹಾಕದೇ ಇದ್ದ ಒಂದು ವಿಷಯ ಕಣ್ಣಿಗೆ ಬಿತ್ತು. ದೆವ್ವದ ಎದೆ ದಪ್ಪ ಇದ್ದ ಕಡೆ ಬಣ್ಣ ಕಡು, ಹಾರ್ತಿರೋ ಬಟ್ಟೆಯ ಅಂಚು ತೆಳು ಇದ್ದ ಕಡೆ ಬಣ್ಣ ಇಲ್ಲವೇ ಇಲ್ಲ ಅನ್ನೋಷ್ಟು ತಿಳಿ. ತಿಳಿಸಾರು ಪಾತ್ರೇಲಿ ಇದ್ದಾಗ ಕೆಂಪಗೆ ಕಾಣತ್ತೆ, ಅದನ್ನೇ ಸೌಟಲ್ಲಿ ಎತ್ತಿದ್ರೆ ನೀರಿನ ಹಾಗೆ ಕಾಣತ್ತಲ್ಲ, ಅದೇ ಲೆಕ್ಕ. ಬ್ರಶ್ ಮುಟ್ಟಿಸದೇನೇ ಶೇಡಿಂಗ್ ತಾನಾಗೇ ಬಂದಿತ್ತು, ಬಟ್ಟೆ ಗಾಳೀಲಿ ಕರಗಿಹೋಗ್ತಾ ಇರೋ ಹಾಗೆ. ಅದಕ್ಕೇ ಇಂಥ ಗೊಂಬೆನ ಟೊಳ್ಳು ಮಾಡ್ಬಾರ್ದು. ರೆಸಿನ್ ಉಳಿಸೋಕೆ ಅಂತ ಬೇರೆಯವನ್ನ ಟೊಳ್ಳು ಮಾಡ್ತೀವಿ, ಇಲ್ಲಿ ಟೊಳ್ಳು ಮಾಡಿದ್ರೆ ಒಳಗಿನ ಗೋಡೆ ಆಚೆ ಕಾಣತ್ತೆ, ದಪ್ಪದಿಂದ ಬರೋ ಈ ಬಣ್ಣದ ಏರಿಳಿತನೂ ಹೋಗತ್ತೆ.

ಪಾರದರ್ಶಕ ರೆಸಿನ್‌ಗೆ ಹುಟ್ಟುಗುಣ ಒಂದಿದೆ, ಯುವಿ ಬಿದ್ದಷ್ಟೂ ಹಳದಿಗೆ ತಿರುಗತ್ತೆ. ಬಣ್ಣ ಹಾಕದ ನಾಲ್ಕು ದೆವ್ವ ಬೇರೆ ಬೇಕಿತ್ತು, ಪಡೆಯ ನಾಯಕರು, ಅವು ಗಾಜಿನ ಹಾಗೆ ಬಿಳಿ ಇರ್ಬೇಕು ಅಂತ ಆಸೆ. ಅವಕ್ಕೆ ಮಾಡಿದ್ದು ನಮ್ಮಮ್ಮ ಬಿಳಿ ಪಂಚೆಗೆ ಮಾಡ್ತಿದ್ದಿದ್ದನ್ನೇ. ಒಗೆದ ಪಂಚೆ ಹಳದಿ ತಿರುಗಬಾರ್ದು ಅಂತ ಕೊನೇ ಬಕೆಟ್ ನೀರಿಗೆ ಒಂದು ಚೂರು ನೀಲಿ ಹಾಕ್ತಾರಲ್ಲ, ಹಾಗೇ 200 ಎಂಎಲ್ ರೆಸಿನ್‌ಗೆ ಟೂತ್‌ಪಿಕ್ ತುದಿಯಲ್ಲಿ ಎಷ್ಟು ಹಿಡಿಯತ್ತೋ ಅಷ್ಟೇ ನೇರಳೆ ಇಂಕ್. ಹಳದಿ ಸತ್ತು ಬಿಳಿ ಎದ್ದು ಬಂತು.

ತೊಳೆಯೋದ್ರಲ್ಲಿ ಅವಸರ ಮಾಡಿದ್ದಕ್ಕೆ ಮೊದಲ ಬ್ಯಾಚ್ ಪೂರ್ತಿ ಹಾಳಾಯ್ತು. ಐಸೊಪ್ರೊಪೈಲ್ ಆಲ್ಕೋಹಾಲಲ್ಲಿ ಎರಡು ಸಲ ತೊಳೆದೆ, ಅದು ಸರಿ, ಆದ್ರೆ ಒಣಗೋಕೆ ಬಿಡದೆ ಹಸಿಯಾಗಿರೋವಾಗ್ಲೇ ಯುವಿ ದೀಪಕ್ಕಿಟ್ಟೆ. ಮೈಮೇಲೆಲ್ಲ ಬಿಳಿ ಸುಣ್ಣ ಬಳಿದ ಹಾಗೆ ಪೊರೆ ಕಟ್ಕೊಂಡ್ತು, ಎಷ್ಟು ಉಜ್ಜಿದ್ರೂ ಮಡಿಕೆಗಳ ಒಳಗಿಂದ ಹೋಗ್ಲಿಲ್ಲ. ಎರಡನೇ ಬ್ಯಾಚಿಗೆ ತೊಳೆದ್ಮೇಲೆ ಗಂಟೆಗಟ್ಲೆ ಒಣಗಿಸ್ದೆ, ಪ್ರಿಂಟ್ ಆಗೋವಾಗ ಗೊಂಬೆಗೆ ಆಸರೆಯಾಗಿರೋ ಸಪೋರ್ಟ್ ಕಡ್ಡಿಗಳನ್ನ ಬೆಚ್ಚಗಿನ ನೀರಲ್ಲಿ ಮೆತ್ತಗೆ ಮಾಡಿ ಬಿಡಿಸ್ದೆ, ಆಮೇಲೆ ಗಾಜಿನ ಜಾಡಿಯಲ್ಲಿ ನೀರು ತುಂಬಿ ಗೊಂಬೆನ ಮುಳುಗಿಸಿ ನೀರೊಳಗೇ ಯುವಿ ಕೊಟ್ಟೆ. ಗಾಳಿಯಲ್ಲಿರೋ ಆಮ್ಲಜನಕ ಮೇಲ್ಮೈ ಗಟ್ಟಿಯಾಗೋದನ್ನ ತಡೆಯತ್ತೆ, ಅದಕ್ಕೇ ಅಂಟಂಟು ಉಳಿಯೋದು, ನೀರೊಳಗೆ ಆ ಕಾಟ ಕಮ್ಮಿ. ಒಂದೇ ಸಲ ಜಾಸ್ತಿ ಹೊತ್ತು ಕೊಡದೆ ಅರ್ಧರ್ಧ ನಿಮಿಷ ನಾಲ್ಕು ಸಲ, ಪ್ರತಿ ಸಲ ತಿರುಗಿಸಿ. ಜಾಸ್ತಿ ಆದ್ರೆ ಮತ್ತೆ ಹಳದಿ.

ಇಷ್ಟಾದ್ಮೇಲೂ ಕೈಗೆ ಬಂದ ಗೊಂಬೆ ಗಾಜಿನ ಹಾಗಿರ್ಲಿಲ್ಲ, ಮಂಜು ಹಿಡಿದ ಕನ್ನಡಿ ಹಾಗಿತ್ತು. ಪದರಗಳ ಗೆರೆ, ಸಪೋರ್ಟ್ ಕಿತ್ತ ಕಡೆ ಬಿಳಿ ಚುಕ್ಕೆ. ಬೂದು ಗೊಂಬೇಲಿ ಇವು ಪ್ರೈಮರ್ ಕೆಳಗೆ ಮುಚ್ಚಿಹೋಗ್ತವೆ, ಇಲ್ಲಿ ಮುಚ್ಚೋಕೆ ಏನೂ ಇಲ್ಲ, ಮಾಡಿದ ತಪ್ಪೆಲ್ಲ ಎದುರಿಗೇ. ನೀರು ಹಾಕ್ಕೊಂಡು 400, 800, 1500, 2000 ನಂಬರ್ ಸ್ಯಾಂಡ್‌ಪೇಪರ್ ಒಂದಾದ್ಮೇಲೊಂದು ಉಜ್ಜಿದೆ, ಚಪ್ಪಟೆ ಜಾಗಕ್ಕೆ ಸರಿ, ಮಡಿಕೆ ಒಳಗೆ ಪೇಪರ್ ಹೋಗಲ್ಲ. ಅಲ್ಲಿಗೆ ಬೇಕಾಗೋದು ಹೊಳಪಿನ ವಾರ್ನಿಶ್. ಮೊದಲ ಸಲ ತೆಳುವಾಗಿ ಒಂದು ಕೋಟ್ ಹೊಡೆದಾಗ ಮಂಜು ಕರಗಿ ಒಳಗಿನ ತನಕ ಕಣ್ಣು ಹೋಯ್ತು, ಮೂಳೆ ಕೈಯ ಹಿಂದೆ ಬಟ್ಟೆ, ಬಟ್ಟೆಯ ಹಿಂದೆ ನನ್ನ ಬೆರಳು. ಬೋಂಡಾ ಕಟ್ಟಿಕೊಟ್ಟ ಪೇಪರ್ ಎಣ್ಣೆ ಹೀರ್ಕೊಂಡ್ಮೇಲೆ ಆಚೆ ಪುಟದ ಅಕ್ಷರ ಈಚೆ ಕಾಣತ್ತಲ್ಲ, ಕಾರಣನೂ ಅದೇ. ಗೀರುಗಳಲ್ಲಿ ಗಾಳಿ ತುಂಬ್ಕೊಂಡಿದ್ದಾಗ ಬೆಳಕು ಚೆಲ್ಲಾಪಿಲ್ಲಿ ಆಗತ್ತೆ, ಅಲ್ಲಿ ವಾರ್ನಿಶ್ ತುಂಬ್ಕೊಂಡ್ರೆ ಬೆಳಕು ನೆಟ್ಟಗೆ ಹೋಗತ್ತೆ.

ಡಿಸೆಂಬರ್ ಎರಡನೇ ವಾರ ಅಮ್ಮಂಗೆ ವಿಡಿಯೋ ಕಾಲಲ್ಲಿ ಒಂದನ್ನ ತೋರಿಸ್ದೆ.

"ಏನೋ ಮಗಾ ಇದು, ಕಲ್ಲುಸಕ್ಕರೆ ಇದ್ದಂಗಿದೆ."

"ದೆವ್ವ ಅಮ್ಮ, ಆಟಕ್ಕೆ. ಮುಖ ಕಾಣ್ತಿಲ್ಲ ಅಂತ ಒದ್ದಾಡ್ತಿದೀನಿ."

"ನೀನು ದೀಪನ ಮುಂದಿಂದ ಹಿಡಿದ್ರೆ ಹೆಂಗೋ ಕಾಣತ್ತೆ. ಶಿಳ್ಳೇಕ್ಯಾತರ ಆಟ ನೆನಪಿಲ್ವಾ ನಿಂಗೆ, ಅಜ್ಜಿ ಊರಲ್ಲಿ ತೊಡೆ ಮೇಲೆ ಕೂರಿಸ್ಕೊಂಡು ತೋರಿಸಿದ್ನಲ್ಲ. ಹಿಂದಿಂದ ಹಿಡಿ ನೋಡಾಣ."

ನೆನಪಿತ್ತು. ಅರಸೀಕೆರೆ ಹತ್ರ ಅಜ್ಜಿ ಊರಲ್ಲಿ ಬೇಸಿಗೇಲಿ ಒಂದು ರಾತ್ರಿ ಬಿಳಿ ಪರದೆ ಕಟ್ಟಿ ತೊಗಲುಗೊಂಬೆ ಆಡಿಸಿದ್ರು. ಚರ್ಮನ ಹೆರೆದು ಹೆರೆದು ಬೆಳಕು ಹಾಯೋಷ್ಟು ತೆಳು ಮಾಡಿ ಕೆಂಪು ಹಸಿರು ಹಚ್ಚಿ, ಸಣ್ಣ ಸಣ್ಣ ತೂತು ಕೊರೆದು ಒಡವೆ ಬಿಡಿಸಿರ್ತಾರೆ, ದೀಪ ಗೊಂಬೆಯ ಹಿಂದೆ ಇರತ್ತೆ. ಮಧ್ಯೆ ನಾನು ನಿದ್ದೆಗಣ್ಣಲ್ಲಿ ಪರದೆ ಹಿಂದೆ ಹೋಗಿ ನೋಡಿದ್ದೆ. ಗೊಂಬೆಗೆ ಎರಡೂ ಕಡೆ ಬಣ್ಣ ಇತ್ತು, ಮುಂದೆ ಒಂದು ಹಿಂದೆ ಒಂದು ಅನ್ನೋ ಭೇದ ಇರ್ಲಿಲ್ಲ. ಗೆರೆಗಳು ಮಾತ್ರ ದಟ್ಟ ಕಪ್ಪು. ಬಣ್ಣ ಬೆಳಕನ್ನ ಬಿಡತ್ತೆ, ಕಪ್ಪು ಗೆರೆ ಬೆಳಕನ್ನ ನಿಲ್ಲಿಸತ್ತೆ, ರಾವಣನ ಹತ್ತು ಮುಖನೂ ದೂರದಿಂದ ಬಿಡಿಬಿಡಿಯಾಗಿ ಕಾಣೋದು ಆ ಗೆರೆಯಿಂದ.

ಅವತ್ತು ರಾತ್ರಿ ಒಂದು ಗಂಟೆ ತನಕ ಕೂತೆ. ಮೊದಲು ಬ್ರಶ್ ತುದಿಯಲ್ಲಿ ಕಡು ನೀಲಿ ಇಂಕ್ ತಗೊಂಡು ಹಳ್ಳಗಳಿಗೆ ಮಾತ್ರ ಬಿಟ್ಟೆ, ಕಣ್ಣುಗುಳಿ, ಹಲ್ಲಿನ ಸಂದು, ಪಕ್ಕೆಲುಬಿನ ಮಧ್ಯೆ, ಬೆರಳುಗಳ ನಡುವೆ. ವಾಶ್ ಅನ್ನೋ ನೀರುನೀರಾದ ಬಣ್ಣನ ಮೈಗೆಲ್ಲ ಬಳಿದು ಒರೆಸೋ ಸಾಮಾನ್ಯ ವಿಧಾನ ಇಲ್ಲಿ ನಡೆಯಲ್ಲ, ಒರೆಸಿದ್ಮೇಲೂ ಒಂದು ಮಬ್ಬು ಪೊರೆ ಉಳಿಯತ್ತೆ. 2019ರಲ್ಲಿ ಬಂದ ಕಾಂಟ್ರಾಸ್ಟ್ ಪೇಂಟ್, ಒಂದೇ ಕೋಟಲ್ಲಿ ಬಣ್ಣನೂ ನೆರಳೂ ಕೊಡೋದು, ಮೊದಲೇ ಟ್ರೈ ಮಾಡಿದ್ದೆ, ಬೂದು ಬಿಳಿ ಪ್ರೈಮರ್ ಮೇಲೆ ಅದು ಬಹಳ ಒಳ್ಳೇದು, ಪಾರದರ್ಶಕದ ಮೇಲೆ ನೇರವಾಗಿ ಹಾಕಿದ್ರೆ ನಂಗೆ ಜಾಸ್ತಿ ಗಾಢ ಅನ್ನಿಸ್ತು, ಮೀಡಿಯಂ ಅನ್ನೋ ಬಣ್ಣ ಇಲ್ಲದ ದ್ರವ ಬೆರೆಸಿ ತೆಳು ಮಾಡಿ ಹಳ್ಳಕ್ಕೆ ಮಾತ್ರ ಬಿಟ್ರೆ ಆಯ್ತು. ಆಮೇಲೆ ಉಬ್ಬಿನ ಅಂಚುಗಳಿಗೆ, ಮೂಗಿನ ತುದಿ, ಗೆಣ್ಣು, ಬಟ್ಟೆಯ ಏಣು, ಒಣಗಿದ ಬ್ರಶ್‌ನಲ್ಲಿ ಬಿಳಿನ ಮುಟ್ಟೀಮುಟ್ಟದ ಹಾಗೆ. ಆಮೇಲೆ ಅಮ್ಮ ನೆನಪಿಸಿದ ವಿಷಯ. ದೆವ್ವದ ಬಟ್ಟೆಯ ಒಳಮೈ ಅಂದ್ರೆ ನೋಡೋರಿಗೆ ನೇರ ಕಾಣದ ಹಿಂಬದಿ, ಅಲ್ಲಿಗೆ ತೆಳು ನೇರಳೆ ಇಂಕ್ ಹಚ್ಚಿದೆ. ಮುಂದಿಂದ ನೋಡಿದ್ರೆ ಮೇಲ್ಮೈ ಗಾಜಿನ ಹಾಗೇ ಇದೆ, ಆದ್ರೆ ನೇರಳೆ ಬಣ್ಣ ಎಲ್ಲೋ ಆಳದಿಂದ ಬರ್ತಾ ಇದೆ. ಮೇಲೆ ಹಚ್ಚಿದ ಬಣ್ಣ ಮೇಲೇ ಕೂತಿರೋ ಹಾಗೆ ಕಾಣತ್ತೆ, ಹಿಂದೆ ಹಚ್ಚಿದ ಬಣ್ಣ ಒಳಗಿರೋ ಹಾಗೆ ಕಾಣತ್ತೆ. ನಂಗೆ ಈ ಎಂಟು ವರ್ಷದಲ್ಲಿ ಪೇಂಟಿಂಗಲ್ಲಿ ಇಷ್ಟು ಖುಷಿ ಕೊಟ್ಟ ರಾತ್ರಿ ಇನ್ನೊಂದಿಲ್ಲ.

ಬೆಳಿಗ್ಗೆ ಮಗಳು ಸ್ಕೂಲ್ ಯೂನಿಫಾರ್ಮಲ್ಲೇ ಅದನ್ನೆತ್ತಿ ಕಿಟಕಿಗೆ ಹಿಡಿದು ನೋಡಿದ್ಲು, ಸುಮಾರು ಹೊತ್ತು ಏನೂ ಮಾತಾಡ್ಲಿಲ್ಲ, ಆಮೇಲೆ "ಇವಾಗ ಇದಕ್ಕೆ ಬೇಜಾರಾಗಿದೆ ಅಂತ ಗೊತ್ತಾಗತ್ತೆ" ಅಂದ್ಲು. ಮುಖ ಓದೋಕೆ ಬಂತು ಅಂತ ಅರ್ಥ.

ಅಂಟಿಸೋ ಕೆಲಸ ಸುಲಭ ಅನ್ಕೊಂಡಿದ್ದೆ. ದೆವ್ವಗಳು ಗಾಳೀಲಿ ತೇಲ್ಬೇಕಲ್ಲ, ಪಾರದರ್ಶಕ ಕಡ್ಡಿ ಮೇಲೆ ನಿಲ್ಲಿಸೋದು ವಾಡಿಕೆ. ಈ ಕಡ್ಡಿಗಳು ಮುರಿಯೋದು ಎಲ್ಲಾ ಆಟಗಾರರಿಗೂ ಗೊತ್ತು, ಯಾಕೆ ಅಂತ ಕಮ್ಮಿ ಜನಕ್ಕೆ ಗೊತ್ತು. ಬೂದು ಕಿಟ್‌ಗಳ ಪಾಲಿಸ್ಟೈರೀನ್‌ನಲ್ಲಿ ರಬ್ಬರ್‌ನ ಸೂಕ್ಷ್ಮ ಕಣಗಳನ್ನ ಬೆರೆಸಿರ್ತಾರೆ, ಪೆಟ್ಟು ತಡ್ಕೊಳ್ಳಲಿ ಅಂತ. ಆ ಕಣಗಳೇ ಬೆಳಕನ್ನ ಚೆದುರಿಸಿ ಪ್ಲಾಸ್ಟಿಕ್ಕನ್ನ ಅಪಾರದರ್ಶಕ ಮಾಡೋದು. ಗಾಜಿನ ಹಾಗೆ ಕಾಣ್ಬೇಕು ಅಂದ್ರೆ ರಬ್ಬರ್ ಬಿಡಬೇಕು, ರಬ್ಬರ್ ಬಿಟ್ರೆ ಗಾಜಿನ ಹಾಗೇ ಪಟ್ಟಂತ ಮುರಿಯತ್ತೆ. ಅದಕ್ಕೆ ಇಂಥ ಸ್ಪ್ರೂನ ಕತ್ತರಿಸೋವಾಗ ಭಾಗಕ್ಕೆ ಅಂಟಿದ ಹಾಗೆ ಕತ್ತರಿಸ್ಬೇಡಿ, ಒಂದೆರಡು ಮಿಲಿಮೀಟರ್ ದೂರ ಕತ್ತರಿಸಿ ಆಮೇಲೆ ನಿಧಾನವಾಗಿ ಹೆರೆಯಿರಿ, ಇಲ್ಲಾಂದ್ರೆ ಬಿರುಕು ಒಳಗೆ ಓಡತ್ತೆ.

ಕಡ್ಡಿನ ಸೂಪರ್‌ಗ್ಲೂ ಹಾಕಿ ಮೂರು ದೆವ್ವಕ್ಕೆ ಅಂಟಿಸಿ ಮಲಗ್ದೆ. ಬೆಳಿಗ್ಗೆ ಎದ್ದು ನೋಡಿದ್ರೆ ಅಂಟಿಸಿದ ಜಾಗದ ಸುತ್ತ ಬೆರಳಗಲ ಬಿಳಿ ಹೊಗೆ ಹಿಡಿದಿದೆ, ಬೂದಿ ಉದುರಿಸಿದ ಹಾಗೆ. ಸೂಪರ್‌ಗ್ಲೂನ ಆವಿ ಮೇಲೆದ್ದು ಪಕ್ಕದ ಮೇಲ್ಮೈ ಮೇಲೆ ಕೂತು ಗಾಳಿಯ ತೇವಕ್ಕೆ ಗಟ್ಟಿಯಾಗಿ ಬಿಳಿ ಆಗತ್ತೆ. ಬೂದು ಗೊಂಬೇಲಿ ಎಷ್ಟೋ ಸಲ ಆಗಿತ್ತೇನೋ, ಬಣ್ಣದ ಕೆಳಗೆ ಹೋದ್ದರಿಂದ ಗಮನಿಸಿರ್ಲಿಲ್ಲ ಅಷ್ಟೇ. ಎರಡು ದಿನ ಬಹಳ ಬೇಜಾರಲ್ಲಿದ್ದೆ, ಆ ಮೂರೂ ಚೆನ್ನಾಗಿ ಬಂದಿದ್ದವು. ವಾರ್ನಿಶ್ ಇನ್ನೊಂದು ಕೋಟ್ ಹೊಡೆದಾಗ ಎರಡು ಉಳೀತು, ಒಂದು ಉಳೀಲಿಲ್ಲ.

ಪರಿಹಾರ ಬಾಟಲಿಯಲ್ಲೇ ಇತ್ತು. ಅದೇ ರೆಸಿನ್, ಅದೇ ನಾಲ್ಕು ಹನಿ ಬಣ್ಣ, ಕಡ್ಡಿ ಕೂರೋ ತೂತಿಗೆ ಟೂತ್‌ಪಿಕ್ಕಲ್ಲಿ ಒಂದು ಬಿಂದು ಬಿಟ್ಟು ಕಡ್ಡಿ ಇಟ್ಟು ಸಣ್ಣ ಯುವಿ ಟಾರ್ಚ್ ಹತ್ತು ಸೆಕೆಂಡ್ ಹಿಡಿದ್ರೆ ಮುಗೀತು. ಅಂಟೂ ಅದೇ ವಸ್ತು, ಗೊಂಬೆನೂ ಅದೇ ವಸ್ತು, ಸಂದು ಎಲ್ಲಿದೆ ಅಂತ ಹುಡುಕಿದ್ರೂ ಕಾಣಲ್ಲ. ಕಿಟ್ ಪ್ಲಾಸ್ಟಿಕ್ ಆದ್ರೆ ಬಿಳಿ ಪಿವಿಎ ಗೋಂದು ಹಾಕಿ, ಒಣಗಿದ್ಮೇಲೆ ಗಾಜಿನ ಹಾಗಾಗತ್ತೆ, ಹಿಡಿತ ಕಮ್ಮಿ ಆದ್ರೂ ಹೊಗೆ ಹಿಡಿಯಲ್ಲ.

ಬೇಸ್ 32 ಎಂಎಂ, ದುಂಡಗಿನವು. ಮಣ್ಣು, ಒಣ ಎಲೆಚೂರು, ಒಂದೆರಡು ಸಮಾಧಿ ಕಲ್ಲು. ಇವನ್ನ ಬೇಕಂತಲೇ ಪೂರ್ತಿ ಕಪ್ಪುಕಂದು ಮಾಡಿ ಹೊಳಪಿಲ್ಲದ ಮ್ಯಾಟ್ ವಾರ್ನಿಶ್ ಹೊಡೆದೆ, ಕೆಳಗೆ ಮಂಕಾದಷ್ಟೂ ಮೇಲೆ ಗಾಜು ಎದ್ದು ಕಾಣತ್ತೆ. ನಾಲ್ಕು ನಾಯಕರ ಬೇಸ್‌ಗೆ ಮಾತ್ರ ಕೆಳಗೆ ಗುಂಡಿ ಸೆಲ್ಲಿನ ಸಣ್ಣ ಎಲ್‌ಇಡಿ ಇಟ್ಟೆ. ಎಲ್ಲದಕ್ಕೂ ಇಡೋಣ ಅಂತ ಮೊದಲು ಆಸೆ ಇತ್ತು, ಇಟ್ಟು ನೋಡಿದಾಗ ಇಪ್ಪತ್ತೂ ಹೊಳೆದು ದೀಪಾವಳಿ ಅಂಗಡಿ ಸೀರಿಯಲ್ ಸೆಟ್ ಹಾಗಾಯ್ತು, ತೆಗೆದೆ. ಉಳಿದ ಹದಿನಾರಕ್ಕೆ ಕೋಣೆಯ ಬೆಳಕೇ ಸಾಕು.

ಜನವರಿ ಕೊನೇ ಗುರುವಾರ ಕ್ಲಬ್ಬಿಗೆ ತಗೊಂಡು ಹೋದೆ. ಚರ್ಚ್ ಹಾಲ್, ತಲೆ ಮೇಲೆ ಟ್ಯೂಬ್‌ಲೈಟು, ಈ ಬೆಳಕಲ್ಲಿ ಏನೂ ಕಾಣಲ್ಲವೇನೋ ಅಂತ ದಾರಿಯುದ್ದಕ್ಕೂ ಭಯ ಇತ್ತು. ಮೇಜಿನ ಮೇಲಿಟ್ಟೆ. ಎದುರಾಳಿ ಅರವತ್ತು ದಾಟಿದ ಹಿರಿಯರು, ಸೀಸದ ಗೊಂಬೆಗಳ ಕಾಲದಿಂದ ಆಡ್ತಾ ಬಂದವರು, ಕನ್ನಡಕ ಹಣೆ ಮೇಲೆ ಏರಿಸ್ಕೊಂಡು ಒಂದನ್ನ ಎತ್ತಿ ಟ್ಯೂಬ್‌ಲೈಟಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ್ರು. ಆ ನೇರಳೆನ ಎಲ್ಲಿ ಹಾಕಿದೀಯ ಅಂತ ಕೇಳಿದ್ರು. ಗೊಂಬೆನ ತಿರುಗಿಸಿ ಬೆನ್ನು ತೋರಿಸ್ದೆ. ಆಮೇಲೆ ನಾನು ತೊಗಲುಗೊಂಬೆ ಅಂದ್ರೇನು, ಚರ್ಮ ಹೇಗೆ ಹೆರೀತಾರೆ, ಪರದೆ ಹೇಗೆ ಕಟ್ತಾರೆ ಅಂತ ಹೇಳ್ತಾ ಹೋದೆ, ಅವರು ಕೇಳ್ತಾ ಹೋದ್ರು, ಆಟ ಶುರುವಾಗಿದ್ದು ಮುಕ್ಕಾಲು ಗಂಟೆ ತಡವಾಗಿ. ಐದನೇ ಸುತ್ತಿಗೆ ನಾನು ಸೋತೆ, ಹನ್ನೊಂದು ದೆವ್ವ ಮೇಜಿನಿಂದಾಚೆ ಹೋಗಿದ್ವು.

ಈಗ ಇಪ್ಪತ್ತೂ ಮೆಟ್ಟಿಲ ಕೆಳಗಿನ ಬೀರುವಲ್ಲಿದಾವೆ, ಬಿಸಿಲು ಬೀಳದ ಜಾಗ, ಹಳದಿ ತಿರುಗಬಾರ್ದು ಅಂತ. ಸೂಪರ್‌ಗ್ಲೂ ಹೊಗೆ ಹಿಡಿದು ಉಳೀದೇ ಹೋದ ಆ ಒಂದು ಮಾತ್ರ ಮಗಳ ಕಿಟಕಿ ಮೇಲಿದೆ, ಅವಳೇ ಕೇಳಿ ತಗೊಂಡ್ಲು, ಸಂಜೆ ನಾಲ್ಕರ ಬಿಸಿಲು ಅದರ ಮೂಲಕ ಹಾದು ಅವಳ ಟೇಬಲ್ ಮೇಲೆ ಒಂದಿಷ್ಟಗಲ ನವಿಲು ಬಣ್ಣ ಬೀಳತ್ತೆ. ಹೀರೋಕ್ವೆಸ್ಟ್ ಗೊಂಬೆಗಳಿಗೆ ಇವತ್ತಿನ ತನಕ ಪ್ರೈಮರ್ ಹೊಡೆದಿಲ್ಲ.